ಹುಗ್ಗಿ ಇಲ್ಲದ ಉಪಕಾರ ಸ್ತುತಿ

ಗಂಡನ ಎಡಗಾಲಿನ ಹಿಮ್ಮಡಿಗೆ ಕಟ್ಟಿದ್ದ ಪಟ್ಟಿಯನ್ನು ರೂತಮ್ಮ ಬಿಚ್ಚಿದಳು. ಗಾಯ ನಿನ್ನೆಯಂತೆಯೇ ಹಸಿಯಾಗಿತ್ತು. ಕಬ್ಬಿನ ಕೂಳೆ ಚುಚ್ಚಿ ಆದ ಗಾಯ ಅದು. ಆವತ್ತು ಕಡಿದ ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗಿ ಅಂಗಡಿಗಳಿಗೂ ಬಂದಿರಬೇಕು. ಅದೇ ಕೂಳೆಯಿಂದ ಒಡೆದ ಹೊಸ ಚಿಗುರು ಮೊಣಕಾಲು ಮುಟ್ಟಿತ್ತು. ಗಾಯ ಮಾತ್ರ ಮುಚ್ಚುವ ಯೋಚನೆಯನ್ನೇ ಮಾಡಿರಲಿಲ್ಲ.

"ನಾಳಿಗೆ ದವಾಖಾನಿಗೆ ಹೋಗೋಣ್ರಿ. ಸಕ್ರಿ ನೋಡಸೋಣು," ಎಂದಳು.

"ನಾಳಿ ಬುಧವಾರ," ಎಂದ ಪ್ರಭುದಾಸ. "ಶುಕ್ರವಾರ ಹೋಗೋಣು."

"ಯಾಕ, ಬುಧವಾರ ಡಾಕ್ಟರಿಗೆ ಕಣ್ಣು ಕಾಣೂದಿಲ್ಲೇನ್ರಿ?"

"ಸಕ್ರಿ ನೋಡಸೂದು ಖಾಲಿ ಹೊಟ್ಟಿ ಮ್ಯಾಗ. ಶುಕ್ರವಾರ ಹ್ಯಾಂಗೂ ಉಪಾಸ ಇರ್ತದ. ಒಂದೇ ಹೊಟ್ಟಿ ಮ್ಯಾಗ ಎರಡೂ ಕೆಲಸ ಮುಗೀತಾವ."

ರೂತಮ್ಮ ಹಳೆಯ ಪಟ್ಟಿಯನ್ನು ಬಕೆಟ್ಟಿಗೆ ಎಸೆದಳು. ಎಸೆದ ರಭಸಕ್ಕೆ ನೀರು ಅವಳ ಸೀರೆಗೇ ಹಾರಿತು. ಅದಕ್ಕೂ ಸಿಟ್ಟು ಬಂತು.

ಅವರ ಊರಾದ ಖಟಕ ಚಿಂಚೋಳಿಯ ಸಣ್ಣ ಚರ್ಚಿನಲ್ಲಿ ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ. ಉಳಿದವರು ಬೆಳಿಗ್ಗೆ ಚಹಾ ಬಿಟ್ಟು, ಮಧ್ಯಾಹ್ನದ ಊಟ ಬಿಟ್ಟು, ಸಂಜೆ ಪ್ರಾರ್ಥನೆ ಮುಗಿಸಿ ಉಣ್ಣುತ್ತಿದ್ದರು. ಪ್ರಭುದಾಸ ಹಾಗಲ್ಲ. ಪರೀಕ್ಷೆಗೆ ಹೋಗುವ ವಾರ ಅವನ ಉಪವಾಸ ಗುರುವಾರ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಖಾಲಿ ಹೊಟ್ಟೆ ಅಂದ ಮೇಲೆ ಪೂರಾ ಖಾಲಿ ಇರಬೇಕು, ಡಾಕ್ಟರರ ಮಾತಿಗೂ ಮರ್ಯಾದೆ, ದೇವರಿಗೂ ಮರ್ಯಾದೆ ಎನ್ನುವುದು ಅವನ ಲೆಕ್ಕ. ಒಂದು ಹಗಲು ಒಂದು ರಾತ್ರಿ ನಿಂಬೆಹಣ್ಣಿನ ನೀರಿನ ಮೇಲೆ ಇದ್ದು, ಭಾಲ್ಕಿಯ ಬಸ್ಸು ಹತ್ತಿ, ಲ್ಯಾಬಿನಲ್ಲಿ ಬೆರಳು ಚುಚ್ಚಿಸಿಕೊಂಡು ಬರುತ್ತಿದ್ದ. ಸಕ್ಕರೆ ಸರಿಯಾಗಿಯೇ ಇರುತ್ತಿತ್ತು. ಆ ಸುದ್ದಿಯನ್ನು ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಎದುರಾದವರಿಗೆಲ್ಲ ಹೇಳಿ ಬರುತ್ತಿದ್ದ.

ಇದೆಲ್ಲ ಎರಡನೇ ಸಲ ಕೊರೊನಾ ಬಂದ ವರ್ಷದಿಂದ ಹತ್ತಿಕೊಂಡ ಗೀಳು. ಆ ಬೇಸಿಗೆಯಲ್ಲಿ ಪ್ರಭುದಾಸನನ್ನು ಬೀದರಿನ ದವಾಖಾನೆಗೆ ಹಾಕಿದ್ದರು. ಮೂಗಿಗೆ ಆಕ್ಸಿಜನ್, ಕೈಗೆ ಸೂಜಿ. ನಡುವೆ ಸಕ್ಕರೆ ನಾನೂರು ದಾಟಿ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿದರು. ಜೀವ ಉಳಿಯಿತು. ಮನೆಗೆ ಕಳಿಸುವ ದಿನಕ್ಕೆ ಸಕ್ಕರೆಯೂ ಇಳಿದು ಇನ್ಸುಲಿನ್ ನಿಂತಿತ್ತು. ಆವತ್ತು ಡಾಕ್ಟರರು ಎರಡು ಮಾತು ಹೇಳಿದ್ದರು. ಈಗ ಸಕ್ಕರೆ ಸರಿ ಇದೆ, ಇದು ಒಂದು. ಈ ರೋಗ ಬಂದು ಹೋದವರಿಗೆ ಮುಂದೆ ವರ್ಷಗಳಾದ ಮೇಲೂ ಸಕ್ಕರೆ ಕಾಯಿಲೆ ಹತ್ತುವ ಸಂಭವ ಉಳಿದವರಿಗಿಂತ ಹೆಚ್ಚು, ನೋಡಿಸುತ್ತ ಇರಬೇಕು, ಇದು ಇನ್ನೊಂದು. ಪ್ರಭುದಾಸ ಮೊದಲನೆಯದನ್ನು ಊರಿಗೆ ತಂದ. ಎರಡನೆಯದನ್ನು ದವಾಖಾನೆಯ ಮೆಟ್ಟಿಲ ಮೇಲೇ ಬಿಟ್ಟು ಬಂದ. 'ನೋಡಿಸುತ್ತ ಇರಿ' ಎನ್ನುವ ತುದಿಯಷ್ಟೇ ನೆನಪಿನಲ್ಲಿ ಉಳಿದಿತ್ತು. ಯಾಕೆ ಎನ್ನುವುದು ಉಳಿದಿರಲಿಲ್ಲ.

ಊರಿನ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಬಿಮಾರಿಯಿಂದ ಎದ್ದವರು ಒಂದು ಭಾನುವಾರ ಉಪಕಾರ ಸ್ತುತಿ ಮಾಡಿಸಿ, ಎದ್ದು ನಿಂತು ಸಾಕ್ಷಿ ಹೇಳಿ, ಸಭೆಗೆಲ್ಲ ಗೋಧಿ ಹುಗ್ಗಿ ಉಣಿಸಬೇಕು. ಮೊದಲ ಸವುಟು ಹುಗ್ಗಿಯನ್ನು ಗುಣವಾದವರೇ ಎಲ್ಲರೆದುರು ಉಣ್ಣಬೇಕು. ಉಂಡು ತೋರಿಸಿದರೆ ಗುಣವಾದದ್ದು ಖರೆ. ಎಲ್ಲರೂ ಇದನ್ನು ಒಂದು ಸಲ ಮಾಡಿ ಸುಮ್ಮನಾಗುತ್ತಿದ್ದರು. ಪ್ರಭುದಾಸ ಪ್ರತಿ ಜೂನಿನ ಮೊದಲ ಭಾನುವಾರ ಮಾಡತೊಡಗಿದ. ಅವನ ಧ್ವನಿ ಚೆನ್ನಾಗಿತ್ತು, ಅದೇ ತೊಂದರೆ. "ನಾನೂರು ಇದ್ದ ಸಕ್ರಿಯನ್ನು ಕರ್ತನು ಬೇರು ಸಹಿತ ಕಿತ್ತು ಒಗದ" ಎಂದು ಅವನು ಶುರು ಮಾಡಿದರೆ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದವು. ಆಮೇಲೆ ಬೆಲ್ಲ, ತುಪ್ಪ, ಗಸಗಸೆ ಹಾಕಿದ ಹುಗ್ಗಿಯನ್ನು ಒಂದಲ್ಲ, ಮೂರು ಸವುಟು ಉಣ್ಣುತ್ತಿದ್ದ.

ಈಗ ಮತ್ತೆ ಜೂನ್ ಹತ್ತಿರ ಬರುತ್ತಿತ್ತು.

ಆ ಶುಕ್ರವಾರವೂ ಅವನು ಭಾಲ್ಕಿಗೆ ಹೋಗಿ ಬಂದ. ಸಕ್ಕರೆ ಸರಿ ಇತ್ತು. ಗಾಯಕ್ಕೆ ಪಟ್ಟಿ ಕಟ್ಟುವ ಡಾಕ್ಟರು "ಸಕ್ರಿ ಅದ ಏನು" ಎಂದು ಕೇಳಿದಾಗ ಆ ಕಾಗದ ತೋರಿಸಿದನಂತೆ. ಅವರು ಬೇರೆ ಮುಲಾಮು ಬರೆದು ಕೊಟ್ಟರಂತೆ. "ಮುಲಾಮು ಬದ್ಲಿ ಮಾಡ್ಯಾರ, ಇನ್ನ ಬೇಶ ಆಗ್ತದ" ಎನ್ನುತ್ತ ಮಂಚದ ಮೇಲೆ ಕೂತು, ಅರ್ಧ ಬಿಂದಿಗೆ ನೀರು ಕುಡಿದ.

ಮರುದಿನ ಮೆಹಕರದಿಂದ ಸಂಘಪಾಲ ಬಂದ. ಬೀದರಿನ ವಾರ್ಡಿನಲ್ಲಿ ಪ್ರಭುದಾಸನ ಪಕ್ಕದ ಮಂಚದಲ್ಲಿ ಮಲಗಿದ್ದವನು. ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗಲೂ ಯಾರ ಮನೆಗೆ ಹೋದರೂ ಒಳಗೆ ಬರುತ್ತಲೇ ಎಷ್ಟು ಜನ ಇದ್ದಾರೆ ಎಂದು ಕಣ್ಣಿನಲ್ಲೇ ಎಣಿಸುತ್ತಿದ್ದ. ಬಿತ್ತನೆಗೆ ತೊಗರಿ ಬೀಜ ಕೇಳಲು ಬಂದವನು ಗಾಯ ನೋಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ದೋಸ್ತ, ಇದು ಯಾವಾಗಿಂದು?"

"ಆಗ್ಯಾವ ಸ್ವಲ್ಪ ದಿನ. ಕಡಿಮಿ ಆಗ್ಲಾಕತ್ತದ."

"ಎಲ್ಲಿಂದ ಎಲ್ಲಿಗಿ ಕಡಿಮಿ ಆಗ್ಯಾದೋ? ನೀರ ಭಾಳ ಕುಡೀತಿ ಏನು?"

"ಬಿಸಲ ನೋಡು ಹ್ಯಾಂಗ ಅದ. ಎಮ್ಮಿನೂ ಕುಡೀತಾವ."

"ಎಮ್ಮಿ ಕಾಲಾಗ ಗಾಯ ಇಲ್ಲಲ್ಲ," ಎಂದ ಸಂಘಪಾಲ. ಅಂಗಿಯ ಕಿಸೆಯಿಂದ ಗುಳಿಗೆಯ ಹಾಳೆ ತೆಗೆದು ತೋರಿಸಿದ. "ನಮ್ಮ ಇಬ್ಬರಿಗೂ ಒಂದೇ ಬಿಮಾರಿ, ಒಂದೇ ಸಿಲಿಂಡರ್. ಎರಡು ವರ್ಷದ ಮ್ಯಾಲ ನನಗ ಸಕ್ರಿ ಹತ್ತಿತು. ನಮ್ಮಪ್ಪಗ ಇಲ್ಲ, ನಮ್ಮಜ್ಜಗ ಇಲ್ಲ. ಡಾಕ್ಟರ ಅಂದ, ಬಂದು ಹೋದ ಜ್ವರ ಹಿಂಗ ಮಾಡ್ತದ ಅಂತ. ನನಗ ಸಾಕ್ಷಿ ಹೇಳೋ ತ್ರಾಸ ಇಲ್ಲ ನೋಡಪ್ಪ, ಗುಳಗಿ ನುಂಗತೇನಿ, ಹೊಲಕ್ಕ ಹೋಗ್ತೇನಿ."

"ನನಗ ಸಕ್ರಿ ಇಲ್ಲ. ನಿನ್ನೆನೇ ನೋಡಸೀನಿ."

"ಶುಕ್ರವಾರ?"

"ಹೌದು, ಶುಕ್ರವಾರ."

ಸಂಘಪಾಲ ರೂತಮ್ಮನ ಕಡೆ ತಿರುಗಿದ. "ಅಕ್ಕಾ, ಇಂವ ಟಿಕೀಟ ಚೆಕಿಂಗ್ ಇರೋ ದಿನ ಮಾತ್ರ ಟಿಕೀಟ ತಗೊಳ್ಳೋ ಮನಿಶಾ. ಉಂಡ ದಿನ ನೋಡಸ್ರಿ."

ಆ ಮಾತು ರೂತಮ್ಮನ ತಲೆಯಲ್ಲಿ ನಿಂತಿತು. ಉಂಡ ದಿನ ನೋಡಿಸಬೇಕು. ಆದರೆ ಉಂಡ ದಿನ ಅವನನ್ನು ಬಸ್ಸು ಹತ್ತಿಸುವುದು ಹೇಗೆ? ಸೋಮವಾರ ಕೇಳಿದಳು, ಹೊಲ ಹರಗುವುದಿದೆ ಎಂದ. ಬುಧವಾರ ಕೇಳಿದಳು, ಕಾಲು ನೋಯುತ್ತದೆ ಎಂದ. ಕಾಲು ನೋಯುತ್ತದೆ ಎಂದೇ ಅಲ್ಲವೇ ಹೋಗುವುದು ಎಂದರೆ, ನೀನು ವಾದ ಮಾಡುತ್ತೀ ಎಂದ. ಅವನ ಅಣ್ಣ ಅಮೋಸ ಸಭೆಯ ಹಿರಿಯ. ಅವನಾದರೂ ಹೇಳಲಿ ಎಂದು ಅವನ ಮನೆಗೆ ಹೋದಳು. ಅಮೋಸ ಪೂರ್ತಿ ಕೇಳಿಸಿಕೊಂಡು, "ನಮ್ಮ ಮನಿತನದಾಗ ಯಾರಿಗೂ ಸಕ್ರಿ ಇಲ್ಲವ್ವ" ಎಂದ. ಕೊರೊನಾ ಹೋಗಿ ಎಷ್ಟೋ ಕಾಲವಾಯಿತು, ಹೋದ ಜ್ವರದ ಮೇಲೆ ಈಗ ಯಾಕೆ ಅಪವಾದ ಹೊರಿಸುತ್ತೀ ಎಂದೂ ಕೇಳಿದ. ಜ್ವರಕ್ಕೂ ಒಬ್ಬ ವಕೀಲ ಸಿಕ್ಕ ಎಂದುಕೊಂಡು ರೂತಮ್ಮ ಎದ್ದು ಬಂದಳು.

ಮೇ ನಡುವಿನಲ್ಲಿ ಔರಾದಿಗೆ ಹೋಗುವುದಿತ್ತು. ಮಗಳು ಶೀಬಾ ಅಲ್ಲಿ ಸಾಲಿ ಮಾಸ್ತರಬಾಯಿ. ಅವಳ ಕೂಸು ಪರ್ಲಳಿಗೆ ದೀಕ್ಷಾಸ್ನಾನ. ಮೊಮ್ಮಗಳನ್ನು ಎತ್ತಿಕೊಂಡು ಪ್ರಭುದಾಸ ಹಾಡಿದ, ಎಲ್ಲರೂ ತಲೆದೂಗಿದರು. ಊಟಕ್ಕೆ ಶಿರಾ ಇತ್ತು. ಎರಡು ಸಲ ಹಾಕಿಸಿಕೊಂಡ. ಊಟವಾದ ಮೇಲೆ ಪಾಸ್ಟರು ಆಶೀರ್ವಾದದ ಪ್ರಾರ್ಥನೆ ಮಾಡುವಾಗ, ಎಲ್ಲರೂ ಕಣ್ಣು ಮುಚ್ಚಿದ್ದಾಗ, "ನೀರ ಕೊಡ್ರಿ" ಎಂಬ ಅವನ ದನಿ ಕೇಳಿತು. ಆಮೆನ್ ಆಗುವಷ್ಟರಲ್ಲಿ ಎರಡು ಸಲ ಹಿತ್ತಲಿಗೆ ಹೋಗಿ ಬಂದಿದ್ದ. ಆಮೇಲೆ ಕೂತಲ್ಲೇ ಗೊರಕೆ.

ಶೀಬಾ ತಾಯಿಯನ್ನು ಅಡುಗೆಮನೆಗೆ ಕರೆದಳು. "ಅವ್ವಾ, ಅಪ್ಪಗ ಏನಾಗ್ಯಾದ?"

"ಏನೂ ಆಗಿಲ್ಲಂತ. ಭಾಲ್ಕಿ ಲ್ಯಾಬಿನಾಗ ಬರಕೊಟ್ಟಾರ."

"ನೀ ಸಿಟ್ಟಿನಾಗ ಮಾತಾಡಬ್ಯಾಡ."

"ಸಿಟ್ಟ ಬಿಟ್ಟರ ನನ್ನ ಹತ್ರ ಏನ ಉಳದದ ಹೇಳು," ಎಂದಳು ರೂತಮ್ಮ. ಶುಕ್ರವಾರದ ಕಥೆಯನ್ನೆಲ್ಲ ಪಾತ್ರೆ ತೊಳೆಯುತ್ತ ಹೇಳಿದಳು. ಒಂದು ಬೋಗೋಣಿಯನ್ನು ಮೂರು ಸಲ ತೊಳೆದಳು.

ಶೀಬಾಳ ಜೊತೆ ಕಾಲೇಜಿನಲ್ಲಿ ಓದಿದ ತಹಮೀನಾ ಈಗ ಬೀದರಿನಲ್ಲಿ ಡಾಕ್ಟರು. ಶೀಬಾ ಅಲ್ಲೇ ನಿಂತು ಅವಳಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ತಹಮೀನಾ ಎಲ್ಲ ಕೇಳಿ ನಕ್ಕಳು. ಶುಕ್ರವಾರವೇ ಬರಲಿ ಎಂದಳು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಒಂದಿದೆ, ಅದಕ್ಕೆ ಎರಡು ದಿನದ ಉಪವಾಸ ಲೆಕ್ಕಕ್ಕೇ ಇಲ್ಲ, ಹಿಂದಿನ ಊಟವೆಲ್ಲ ಅದರಲ್ಲಿ ಬರುತ್ತದೆ ಎಂದಳು.

ಹೀಗಾಗಿ ಪ್ರಭುದಾಸ ಖುಷಿಯಿಂದಲೇ ಬೀದರಿಗೆ ಹೊರಟ. ಗುರುವಾರ ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟಿದ್ದ. ಬಸ್ಸಿನಲ್ಲಿ ಪಕ್ಕದವನಿಗೆ ತನ್ನ ಸಾಕ್ಷಿಯ ಅರ್ಧಭಾಗ ಹೇಳಿದ. ಉಳಿದರ್ಧಕ್ಕೆ ಮುಂಚೆ ಆ ಪುಣ್ಯಾತ್ಮ ಇಳಿದುಹೋದ. ತಹಮೀನಾ ತೋಳಿನಿಂದ ರಕ್ತ ತೆಗೆಸಿದಳು. "ಬೆರಳಿಂದ ಅಲ್ಲೇನ್ರಿ?" ಎಂದು ಕೇಳಿದ. "ಇದು ಜರಾ ದೊಡ್ಡ ಪರೀಕ್ಷಾ, ಚಾಚಾ," ಎಂದಳು. ಅವನು ಇನ್ನೂ ಖುಷಿಯಾದ.

ಮಧ್ಯಾಹ್ನ ಒಳಗೆ ಕರೆದು ಹೇಳಿದಳು. "ಚಾಚಾ, ನಿಮಗ ಸಕ್ರಿ ಅದ. ಇವತ್ತಿಂದಲ್ಲ. ಭಾಳ ತಿಂಗಳಿಂದ ಅದ. ಅದಕ್ಕೇ ಗಾಯ ಮಾಯ್ಲಾಕ ತಯಾರಿಲ್ಲ. ಇನ್ನೂ ಹಿಂಗೇ ಬಿಟ್ಟರ ಎಲುಬಿಗೆ ಹೋಗ್ತದ. ಆಮ್ಯಾಲ ನಾವು ಮುಲಾಮಿನ ಮಾತಾಡೂದಿಲ್ಲ, ಎಲ್ಲಿ ತನ ಕೊಯ್ಯೂದು ಅನ್ನೋ ಮಾತಾಡ್ತೇವಿ."

ಪ್ರಭುದಾಸ ಹೆಂಡತಿಯ ಮುಖ ನೋಡಿದ. ಆಮೇಲೆ ಡಾಕ್ಟರ ಮುಖ ನೋಡಿದ. "ಆವಾಗ ಇಳದಿತ್ತಲ್ಲರಿ. ಇದೇ ಬೀದರದಾಗ ಇಳದಿತ್ತು. ಅದು ಸುಳ್ಳೇನು?"

"ಯಾಕ ಸುಳ್ಳು? ಆವಾಗ ಇಳದದ್ದೂ ಖರೆ, ಈಗ ಏರಿದ್ದೂ ಖರೆ. ಆ ಬಿಮಾರಿ ಬಂದವರಲ್ಲಿ, ಅದರಾಗೂ ನಿಮ್ಮಂಗ ಜೋರಾಗಿ ಬಂದು ದವಾಖಾನಿ ಸೇರಿದವರಲ್ಲಿ, ಮುಂದ ಸಕ್ರಿ ಹತ್ತೋರು ಹೆಚ್ಚು. ಎಲ್ಲರಿಗೂ ಹತ್ತೂದಿಲ್ಲ. ನಿಮಗ ಅದರಿಂದನೇ ಬಂತಾ ಅಂದ್ರ, ಒಬ್ಬರ ಮ್ಯಾಗ ಬೆರಳಿಟ್ಟು ಹೇಳ್ಲಾಕ ಆಗೂದಿಲ್ಲ. ಆದರ ಆವಾಗ ಒಮ್ಮೆ ನಾನೂರು ಏರಿತ್ತಲ್ಲ, ಅದು ಒಂದು ಎಚ್ಚರಕಿ ಇತ್ತು. ಊಟ ಮಾಡಿದ ದಿನನೂ ನೋಡಸಬೇಕಿತ್ತು."

ಗುಳಿಗೆ ಬರೆದಳು, ಗಾಯಕ್ಕೆ ಬೇರೆ ಔಷಧಿ ಬರೆದಳು. ಹುಗ್ಗಿ, ಶಿರಾದಂಥ ಸಿಹಿ ಬೇಡ ಎಂದಳು. ಗುಳಿಗೆಯ ಜೊತೆ ಇಷ್ಟುದ್ದದ ಉಪವಾಸ ಬೇಡ, ಮಾಡಲೇಬೇಕಾದರೆ ತನ್ನನ್ನು ಕೇಳಿ ಮಾಡಿ ಎಂದಳು.

ಬಸ್‌ಸ್ಟ್ಯಾಂಡಿಗೆ ಬಂದರು. ಭಾಲ್ಕಿ ಬಸ್ಸಿನ ಫಲಕದ ಕೆಳಗೆ ನಿಂತು ಪ್ರಭುದಾಸ ಹೆಂಡತಿಯ ಕಡೆ ತಿರುಗಿದ.

"ನೀವು ತಾಯಿ ಮಗಳು ಕೂಡಿ ನನಗ ಮೋಸ ಮಾಡಿದ್ರಿ."

"ಯಾವ ಮೋಸ? ಶುಕ್ರವಾರ ಅಂದ್ರಿ, ಶುಕ್ರವಾರನೇ ಬಂದೇವಿ. ಉಪಾಸ ಅಂದ್ರಿ, ಉಪಾಸನೇ ಇದ್ದೀರಿ."

"ಜೂನ ಬಂತು. ಈಗ ನಾ ಏನಂತ ನಿಂದ್ರಲಿ? ವರ್ಷಾ ವರ್ಷಾ ಬೇರು ಸಹಿತ ಕಿತ್ತು ಒಗದ ಅಂತ ಹೇಳೀನಿ. ಕರ್ತನ ಹೆಸರಿನಾಗ ಹೇಳೀನಿ. ಮಂದಿ ಏನಂತಾರ?"

"ಮಂದಿ ನಿಮ್ಮ ಕಾಲಿಗಿ ಪಟ್ಟಿ ಕಟ್ಲಾಕ ಬರೂದಿಲ್ಲ."

"ಉಪಾಸ ಬ್ಯಾಡ ಅಂದ್ರು. ಹುಗ್ಗಿ ಬ್ಯಾಡ ಅಂದ್ರು. ಎಲ್ಲಾ ಕಸಗೊಂಡ ಮ್ಯಾಲ ಉಳೀದು ಏನು?"

"ಕಾಲು," ಎಂದಳು ರೂತಮ್ಮ. "ಕಾಲು ಉಳೀತದ. ಹತ್ರಿ, ಬಸ್ ಬಂತು."

ಗುಳಿಗೆ ತೆಗೆದುಕೊಳ್ಳತೊಡಗಿದ. ಆದರೆ ಹೇಗೆ? ಎಮ್ಮೆ ಕಟ್ಟುವ ಕೊಟ್ಟಿಗೆಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನುಂಗಿ ಬರುತ್ತಿದ್ದ. ಅಮೋಸನಿಗೆ ಹೇಳಲಿಲ್ಲ. ಸಂಘಪಾಲನ ಫೋನ್ ಎತ್ತಲಿಲ್ಲ. ಭಾನುವಾರ ಒಂದು ಮುಗಿಯಲಿ, ಹುಗ್ಗಿ ಆಗಲಿ, ಒಂದೇ ಸವುಟು ಉಣ್ಣುತ್ತೇನೆ, ಆಮೇಲೆ ನೀನು ಹೇಳಿದ ಹಾಗೆ ಎಂದ. ಒಂದು ಸವುಟಿನಿಂದ ಕಾಲು ಹೋಗುವುದಿಲ್ಲ ಎಂಬುದು ರೂತಮ್ಮನಿಗೂ ಗೊತ್ತಿತ್ತು. ಅವನ ಒಂದು ಸವುಟೂ ಗೊತ್ತಿತ್ತು. ಆ ಸವುಟು ಉಂಡು ಸಾಕ್ಷಿ ಹೇಳಿದವನು ಸೋಮವಾರ ಗುಳಿಗೆ ನುಂಗಲಾರ. ಯಾರಾದರೂ ನೋಡಿಯಾರು ಎಂದು ಕೊಟ್ಟಿಗೆಗೂ ಹೋಗಲಾರ. ಒಂದು ತಿಂಗಳಲ್ಲಿ ಮತ್ತೆ ಶುಕ್ರವಾರ, ಮತ್ತೆ ಭಾಲ್ಕಿ.

ಶನಿವಾರ ಅವಳು ಸಭೆಯ ಹೆಂಗಸರ ಮನೆಗಳಿಗೆ ಹೋಗಿ, ನಾಳೆ ಒಂದೊಂದು ಮನೆಯಿಂದ ಇಷ್ಟಿಷ್ಟು ಜೋಳದ ರೊಟ್ಟಿ ಬಡಿದು ಚರ್ಚಿಗೆ ತನ್ನಿ ಎಂದಳು. ಕಡಲೆಹಿಟ್ಟಿನ ಝುಣಕ, ಪುಂಡಿಸೊಪ್ಪಿನ ಪಲ್ಯ ತಾನು ಮಾಡುತ್ತೇನೆ ಎಂದಳು.

"ಹುಗ್ಗಿಗೇನಾಯ್ತು?" ಎಂದು ಕೇಳಿದರು.

"ಸಾಕ್ಷಿ ಹೇಳೋರಿಗಿ ಕೇಳ್ರಿ," ಎಂದಳು.

ಭಾನುವಾರ ಚರ್ಚಿನಲ್ಲಿ ಹಾಡುಗಳಾದವು. ಪ್ರಭುದಾಸ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ, ಪಟ್ಟಿ ಕಟ್ಟಿದ ಕಾಲನ್ನು ಬೆಂಚಿನ ಕೆಳಗೆ ಒಳಗೆಳೆದುಕೊಂಡು. ಅಮೋಸ ಅವನ ಹೆಸರು ಕರೆದ. ಎದ್ದು ನಿಂತು, ಕೆಮ್ಮಿ, "ನಾನೂರು ಇದ್ದ ಸಕ್ರಿಯನ್ನು" ಎಂದು ಶುರು ಮಾಡಿದ. ಅಲ್ಲಿಗೆ ನಿಂತ. ಪ್ರತಿ ವರ್ಷ ಇಷ್ಟು ಹೊತ್ತಿಗೆ ಹಿಂದಿನ ಬಾಗಿಲಿನಿಂದ ಕುದಿಯುವ ಬೆಲ್ಲದ ವಾಸನೆ ಬರುತ್ತಿತ್ತು. ಇವತ್ತು ಬಂದದ್ದು ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಅವನು ಬಾಗಿಲ ಕಡೆ ನೋಡಿದ. ರೂತಮ್ಮ ಸವುಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಬೇರೆ ಕಡೆ ತಿರುಗಿಸಲಿಲ್ಲ.

ಮುಂದೆ ಕೂತಿದ್ದ ಮುದುಕಿಯೊಬ್ಬಳಿಗೆ ಸುಮ್ಮನಿರಲಾಗಲಿಲ್ಲ. "ಹುಗ್ಗಿ ಮಾಡಿಲ್ಲಂತಲ್ಲೋ ಪ್ರಭು. ಮೊದಲ ಸವುಟು ಯಾತರದು ಉಣ್ತಿ?"

ಜನ ನಕ್ಕರು. ಅಮೋಸನೂ ನಕ್ಕ. "ಹೇಳು ತಮ್ಮಾ, ಏನ ವಿಷಯ?"

ಪ್ರಭುದಾಸ ಇನ್ನೊಮ್ಮೆ ಕೆಮ್ಮಿದ. ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿದ, ತೆರೆದ. ಬೆಂಚಿನ ಕೆಳಗಿನಿಂದ ಕಾಲು ಹೊರಗೆ ತೆಗೆದ.

"ನಾನೂರು ಇದ್ದ ಸಕ್ರಿ ಆವಾಗ ಇಳದದ್ದು ಖರೆ," ಎಂದ. "ಅದಕ್ಕ ಈವತ್ತಿಗೂ ಉಪಕಾರ ಹೇಳ್ತೇನಿ. ಈಗ ಮತ್ತ ಬಂದದ. ಅದೂ ಖರೆ. ಆ ಜ್ವರ ಹೋಗುವಾಗ ಬಾಗಿಲ ಹಾಕ್ಕೊಂಡು ಹೋಗಿಲ್ಲ ನೋಡ್ರಿ. ನಾ ಉಪಾಸದ ದಿನ ನೋಡಿಸಿ, ನಿಮಗೆಲ್ಲ ಶುಕ್ರವಾರದ ಸಾಕ್ಷಿ ಹೇಳ್ಕೋತ ಬಂದೆ. ವಾರದಾಗ ಬ್ಯಾರೆ ದಿನಾನೂ ಇರ್ತಾವ ಅನ್ನೋದು ಮರ್ತೆ. ಗುಳಗಿ ತಗೊಳ್ಲಾಕತ್ತೀನಿ. ಕೊಟ್ಟಿಗ್ಯಾಗ ಕದ್ದು ತಗೊಳ್ಲಾಕತ್ತಿದ್ದೆ. ಇನ್ನ ಮನ್ಯಾಗ ಕೂತು ತಗೋತೇನಿ."

ಇಷ್ಟಕ್ಕೆ ಕೂತಿದ್ದರೆ ಚೆನ್ನಾಗಿತ್ತು. ರೂತಮ್ಮ ಸವುಟು ಎತ್ತಿ ಸಾಕು ಎಂಬಂತೆ ಸನ್ನೆಯನ್ನೂ ಮಾಡಿದಳು. ಆದರೆ ಅವನ ಧ್ವನಿಗೆ ದಾರಿ ಸಿಕ್ಕಿಬಿಟ್ಟಿತ್ತು. ಆ ವರ್ಷ ಯಾರು ಯಾರು ಮಲಗಿದ್ದರು, ಯಾರಿಗೆ ಆಕ್ಸಿಜನ್ ಹಚ್ಚಿದ್ದರು, ಯಾರು ಹೆದರಿ ಮನೆಯಲ್ಲೇ ಅಡಗಿಕೊಂಡಿದ್ದರು, ಎಲ್ಲರ ಹೆಸರು ಹಿಡಿದು ಕರೆದ. ನೀನೂ ನೋಡಿಸು, ನೀನೂ ನೋಡಿಸು, ಉಂಡ ದಿನ ನೋಡಿಸು ಎಂದ. ಎಲುಬಿನ ಬಗ್ಗೆ ತಹಮೀನಾ ಹೇಳಿದ್ದನ್ನು ತಾನೇ ಡಾಕ್ಟರನಾಗಿ ಹೇಳಿದ. ಮನೆಯಲ್ಲಿ ಮುಲಾಮು ಹಚ್ಚುವಾಗ ಕಾಲು ಎಳೆದುಕೊಳ್ಳುತ್ತಿದ್ದವನು ಈಗ ಪಟ್ಟಿಯನ್ನೇ ಬಿಚ್ಚಿ ಎಲ್ಲರಿಗೂ ತೋರಿಸಲು ಬಾಗಿದ. ಅಮೋಸ ಎದ್ದು ತೋಳು ಹಿಡಿದು ಕೂರಿಸಬೇಕಾಯಿತು. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿ ಬೆತ್ತದ ಬುಟ್ಟಿಯಲ್ಲಿ ಸೆಟೆದು ನಿಂತಿದ್ದವು.

ಮೊದಲ ತುತ್ತು ಪ್ರಭುದಾಸನೇ ಉಂಡ. ರೊಟ್ಟಿ, ಝುಣಕ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುದುಕಿ ಮಾತ್ರ, ಉಪಕಾರ ಸ್ತುತಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಖಾರ ಉಂಡದ್ದು ಇದೇ ಮೊದಲು ಎಂದು ಗೊಣಗಿದಳು.

ಅಮೋಸ ತಾಟು ಹಿಡಿದುಕೊಂಡು ರೂತಮ್ಮನ ಹತ್ತಿರ ಬಂದ. ಪಲ್ಯ ಹಾಕಿಸಿಕೊಂಡ. ಹೋಗಲಿಲ್ಲ. ಆ ಬೇಸಿಗೆ ಅವನೂ ಮನೆಯ ಹಿಂದಿನ ಕೋಣೆಯಲ್ಲಿ ವಾರಗಟ್ಟಲೆ ಮಲಗಿದ್ದ. ಯಾರಿಗೂ ಹೇಳಬೇಡಿ ಎಂದು ಬಾಗಿಲಿಗೆ ಚಿಲಕ ಹಾಕಿಸಿಕೊಂಡಿದ್ದ.

"ಆ ಹುಡುಗಿ, ಬೀದರದಾಕಿ," ಎಂದ ಮೆಲ್ಲಗೆ. "ಯಾವ ಯಾವ ವಾರ ಇರ್ತಾಳವ್ವ?"

"ನಿಮ್ಮ ಮನಿತನದಾಗ ಯಾರಿಗೂ ಇಲ್ಲಲ್ರಿ ಭಾವಾ."

ಅಮೋಸ ರೊಟ್ಟಿ ಮುರಿಯುತ್ತ ನಿಂತ. ರೂತಮ್ಮ ಇನ್ನೊಂದು ಸವುಟು ಪಲ್ಯ ಹಾಕಿದಳು. "ಬುಧವಾರ ಇವರ ಗಾಯ ತೋರಿಸ್ಲಾಕ ಹೋಗ್ತೇವಿ. ಉಂಡು ಬರ್ರಿ," ಎಂದಳು.

ಸಂಜೆ ಮನೆಯಲ್ಲಿ ಪ್ರಭುದಾಸ ಮಂಚದ ಮೇಲೆ ಕೂತು ಗುಳಿಗೆ ನುಂಗಿದ. ಬೀದಿಯಲ್ಲಿ ಹೋಗುತ್ತಿದ್ದವರಿಗೆ ಕಾಣುವಂತೆ ಕದ ಪೂರ್ತಿ ತೆಗೆದೇ ಇಟ್ಟಿದ್ದ. "ಮುಂದಿನ ವರ್ಷದ ಸಾಕ್ಷಿ ಇನ್ನೂ ಜೋರ ಆಗ್ತದ ನೋಡು," ಎಂದ. "ಔರಾದದಾಗೂ ಕರೀಬಹುದು ನನಗ. ಶೀಬಾಗ ಹೇಳಿ ಇಡು."

"ಕಾಲು ಇತ್ತ ತಗೀರಿ," ಎಂದಳು ರೂತಮ್ಮ.

ಪಟ್ಟಿ ಬಿಚ್ಚಿದಳು. ನಡುವೆ ಇನ್ನೂ ಹಸಿ ಇತ್ತು. ಅಂಚಿನಲ್ಲಿ ಒಂದು ಕಡೆ, ಉಗುರಿನಷ್ಟು ಜಾಗದಲ್ಲಿ, ತೆಳ್ಳಗೆ ಹೊಸ ಚರ್ಮ ಹಿಡಿದಿತ್ತು. ದೀಪ ಹತ್ತಿರ ತಂದು ನೋಡಿದಳು. ಅವನಿಗೆ ಹೇಳಲಿಲ್ಲ. ಹೇಳಿದರೆ ಈಗಲೇ ಎದ್ದು ಅಮೋಸನ ಮನೆಗೆ ಹೊರಟುಬಿಡುತ್ತಾನೆ ಎಂದು, ಮುಲಾಮು ಹಚ್ಚಿ, ಪಟ್ಟಿಯನ್ನು ಎಂದಿಗಿಂತ ಒಂದು ಸುತ್ತು ಹೆಚ್ಚಿಗೆ ಸುತ್ತಿ ಗಂಟು ಹಾಕಿದಳು.